ಷರಾ

ಹದಿನೇಳು ವರ್ಷ ಇದೇ ಮೇಜಿಗೆ ಕೂತು
ಜಿಲ್ಲೆಯೆಲ್ಲ ತಿರುಗಿದ್ದೇನೆ, ಬೇರೆಯವರ ಕಾಲಿನಲ್ಲಿ.
ಕೋಡಿಬಾಗದ ನೀರು ಪರೀಕ್ಷೆಯ ಲ್ಯಾಬು, ಎರಡನೇ ಮಹಡಿ,
ಪ್ರವಾಸ ಭತ್ಯೆಯ ಬಿಲ್ಲು ನನ್ನ ಪಾಲು.
ಹೊರಟ ಸಮಯ, ತಲುಪಿದ ಸಮಯ, ಕಿಲೋಮೀಟರು,
ಕೊನೆಗೊಂದು ಸಪೂರ ಕಾಲಂ: ಷರಾ.
ಅಲ್ಲಿ ಯಾರೂ ಏನೂ ಬರೆಯುವುದಿಲ್ಲ.
ಬರೆದರೆ ನಾನು ಕೆಂಪು ಪೆನ್ನು ಹುಡುಕಬೇಕಾಗುತ್ತದೆ.

ನಾನು ಗೀಟೆಳೆದದ್ದೆಲ್ಲ ಸಣ್ಣ ಸಣ್ಣದು.
ತದಡಿ ಬಾರ್ಜಿನ ಹತ್ತು ರೂಪಾಯಿ: ಚೀಟಿ ಇಲ್ಲ.
ಕುಮಟಾದಲ್ಲಿ ರಾತ್ರಿ ಆಟೋ: ಬಸ್ಸಿತ್ತಲ್ಲ?
(ಇತ್ತು, ವೇಳಾಪಟ್ಟಿಯಲ್ಲಿ.)
ಮಂಜುಗಡ್ಡೆಗೆ ನಲವತ್ತು.
"ಮೀನಿನ ಬುಟ್ಟಿಯವಳ ಹತ್ತಿರ ರಸೀದಿ ಕೇಳಲೇನು ಮಾಮಾ?"
ನಕ್ಕಿದ್ದಳು ಪ್ರಜ್ವಲಾ ಹರಿಕಂತ್ರ.
ನಾನೂ ನಕ್ಕೆ. ಗೀಟೆಳೆದೆ.

ಅವಳ ಕೆಲಸ ಬಾವಿ. ಶಾಲೆಯ ಬಾವಿ, ಕೇರಿಯ ಬಾವಿ,
ಉಪ್ಪು ಹತ್ತಿದ ಬಾವಿ.
ಬಾಟಲಿ ಅದ್ದಿ, ಹೆಸರಂಟಿಸಿ, ಐಸಿನಲ್ಲಿ ಹೂತು
ಮರುದಿನದೊಳಗೆ ಕಾರವಾರ ಮುಟ್ಟಿಸಬೇಕು.
ನೀರಿಗೆ ಇಪ್ಪತ್ನಾಲ್ಕು ತಾಸಿನ ನಿಯಮ.
ಹೊತ್ತು ತಂದವಳಿಗೆ ಎಷ್ಟು ತಾಸು,
ಗೋಡೆಯ ಚಾರ್ಟಿನಲ್ಲಿ ಇಲ್ಲ.

ರೇವಣಕರ ಸಾಹೇಬರ ಆದೇಶ ಮೊಬೈಲಿಗೇ ಬಂತು,
ರಾತ್ರಿ ಒಂಬತ್ತೂವರೆಗೆ:
ನಾಳೆ ಜೋಯಿಡಾ. ಮೂರು ದಿನ. ವಸತಿ ಅಲ್ಲೇ ನೋಡಿಕೊಳ್ಳುವುದು.
ನೋಡಿಕೊಳ್ಳುವುದು!
ನಮ್ಮ ಕಚೇರಿಗೆ ಪೈಸೆ ಖರ್ಚಿಲ್ಲದ ಕ್ರಿಯಾಪದ.
ಕಳೆದ ಸಲ ಅವಳು ನೋಡಿಕೊಂಡ ಕೋಣೆಗೆ
ಒಳಚಿಲಕ ಇರಲಿಲ್ಲ.
ಬಾಗಿಲಿಗೆ ಸ್ಯಾಂಪಲ್ ಪೆಟ್ಟಿಗೆ ಒತ್ತಿ, ಅದರ ಮೇಲೆ ಕೂತು
ಬೆಳಗು ಮಾಡಿದ್ದಳು.
ನನಗೆ ಹೇಗೆ ಗೊತ್ತು?
ಷರಾದಲ್ಲಿ ಬರೆದಿದ್ದಳು, ಪೆನ್ಸಿಲಿನಲ್ಲಿ.
ಮೊತ್ತಕ್ಕೆ ಸಂಬಂಧಿಸಿದ್ದಲ್ಲವೆಂದು ನಾನು ಅಳಿಸಿದ್ದೆ.
ರಬ್ಬರಿನ ಪುಡಿ ಊದಿದ್ದು ಕೂಡ ನೆನಪಿದೆ.

ಈ ಸಲ ಅವಳು ಬಸ್ಸು ಹತ್ತಲಿಲ್ಲ.
ಆದೇಶದ ಪ್ರಿಂಟು ತೆಗೆಸಿ, ಅದರ ಬೆನ್ನಿಗೆ ನಿಂತೇ ಬರೆದಳು:

ಹೋಗಲಾರೆ ಅನ್ನುತ್ತಿಲ್ಲ.
ಎರಡು ದಿನ ಮೊದಲು ಹೇಳಿದರೆ ಹೋಗುತ್ತೇನೆ.
ಮುಂಗಡ ಕೈಗೆ ಬಂದರೆ ಹೋಗುತ್ತೇನೆ;
ನನ್ನ ಗಂಡನ ದೋಣಿಯ ಡೀಸೆಲ್ ದುಡ್ಡಿನಲ್ಲಿ
ಸಂಸ್ಥೆಯ ನೀರು ತರುವುದು ಇನ್ನಾಗದು.
ಅಣಶಿ ಘಟ್ಟವನ್ನು ಬೆಳಕಿರುವಾಗ ಹತ್ತಿ ಬೆಳಕಿರುವಾಗ ಇಳಿಯುತ್ತೇನೆ.
ಕೋಣೆಗೆ ಒಳಚಿಲಕ.
ಇವಿಲ್ಲದ ದಿನ ನಾನು ಹೋಗದಿದ್ದರೆ ಅದು ರಜೆಯಲ್ಲ.
ರಜೆ ಎಂದು ಹಚ್ಚಬೇಡಿ.

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು.
"ಕೆಲಸ ಅಂದಮೇಲೆ ತಿರುಗಾಟ ಇದ್ದದ್ದೇ ಅಲ್ಲವೇನಮ್ಮಾ?"

"ತಿರುಗಾಟ ಹೊಸತಲ್ಲ ಸರ್.
ನಮ್ಮಜ್ಜಿ ಮಾಜಾಳಿಯಿಂದ ಸದಾಶಿವಗಡದವರೆಗೆ
ಬುಟ್ಟಿ ಹೊತ್ತು ನಡೆದವಳು.
ಆದರೆ ಯಾವ ಅಂಗಳಕ್ಕೆ ಇಳಿಯಬೇಕು, ಯಾವುದಕ್ಕೆ ಬೆನ್ನು ಹಾಕಬೇಕು,
ಅದನ್ನು ಅವಳ ಕಾಲೇ ಹೇಳುತ್ತಿತ್ತು."

ಕಡತ ನನ್ನ ಮೇಜಿಗೆ ಬಂತು. ನಿಯಮ ನೋಡಿ ತಿಳಿಸಿ, ಪೆಡ್ನೇಕರ್.
ಪುಸ್ತಕ ತೆಗೆದೆ. ನುಸಿ ತಿಂದ ಮೂರು ಪುಟ ಬಿಟ್ಟು
'ತೆರಳತಕ್ಕದ್ದು' ಹನ್ನೊಂದು ಕಡೆ ಸಿಕ್ಕಿತು.
'ಒಲ್ಲೆ' ಎನ್ನಬಾರದೆಂದು ಎಲ್ಲೂ ಇಲ್ಲ.
ಎನ್ನಬಹುದೆಂದೂ ಇಲ್ಲ. ನುಸಿ ತಿಂದ ಪುಟದಲ್ಲಿ ಇತ್ತೇನೋ.

ಅತ್ತ ಸಿಂಕಿನಲ್ಲಿ ಅವಳು ಬಾಟಲಿ ತೊಳೆಯುತ್ತಿದ್ದಳು,
ಖಾಲಿ ಬಾಟಲಿಗಳನ್ನೇ, ಮತ್ತೊಮ್ಮೆ.

ಹಳೆಯ ಬಿಲ್ಲು ಹುಡುಕಿದೆ.
ಕಾಳಿ ಹೊಳೆಯ ಕಡೆಯ ಕಿಟಕಿಗೆ ಓರೆಯಾಗಿ ಹಿಡಿದರೆ
ಅಳಿಸಿದ ಅಕ್ಷರದ ಒತ್ತು ಕಾಗದದಲ್ಲಿ ಇನ್ನೂ ಇದೆ.
ಅದರ ಮೇಲೇ ಶಾಯಿ ಎಳೆದೆ, ಕೆಂಪಲ್ಲ, ನೀಲಿ.
ಚಿಲಕ ಇರಲಿಲ್ಲ.
ಸಹಿ, ತಾರೀಕು.
ಮೇಲಿನವರು ಏನೆನ್ನುತ್ತಾರೋ ಗೊತ್ತಿಲ್ಲ.
ನನ್ನ ಕೈಯಳತೆಯಲ್ಲಿದ್ದದ್ದು ಇಷ್ಟು:
ತದಡಿ ಬಾರ್ಜು, ಹತ್ತು ರೂಪಾಯಿ,
ಮಂಜೂರು.